ಐದು ನಲವತ್ತೊಂದರ ಸಂದೇಶ

ಜುಲೈ 9, 2025, ಬುಧವಾರ

ಮಧ್ಯಾಹ್ನ ಸರ್ವರ್ ಕೈಕೊಟ್ಟಿತು. ಸರ್ವರ್ ಎಂದರೆ ಶಿಡ್ಲಘಟ್ಟದ ನಮ್ಮ ಆಫೀಸಿನ ಮೂಲೆಯಲ್ಲಿ, ಕುಡಿಯುವ ನೀರಿನ ಕ್ಯಾನಿನ ಪಕ್ಕ ಕೂತಿರುವ ಹಳೇ ಕಂಪ್ಯೂಟರ್. ಹೊಸದು ಕೊಡಿಸಿ ಎಂದು ಎರಡು ವರ್ಷದಿಂದ ಬಾಯಿ ಬಡಿದುಕೊಳ್ಳುತ್ತಿದ್ದೇನೆ. ಡಿಸ್ಕ್ ತುಂಬಿ ಅಪ್ಲಿಕೇಶನ್ ಮಿಸುಕಾಡದೆ ನಿಂತಿತು, ಅದೂ ನಾಡಿದ್ದು ಅಧಿಕಾರಿಗಳು ನೋಡಲು ಬರುತ್ತಾರೆ ಎನ್ನುವಾಗ.

ನಮ್ಮ ರೈತರ ಕಂಪನಿಯ ಮ್ಯಾನೇಜರ್ ಮುರಳಿಮೋಹನ್ ಸರ್ ನನ್ನ ಕುರ್ಚಿಯ ಹಿಂದೆಯೇ ನಿಂತುಬಿಟ್ಟರು. ಹಿಂದೆ ಯಾರಾದರೂ ನಿಂತರೆ ನನಗೆ ಮೈಯೆಲ್ಲ ಉರಿಯುತ್ತದೆ.

"ಏನಮ್ಮ ಪದ್ಮಶ್ರೀ, ಯಾಕೆ ತುಂಬ್ತು?"

"ಬ್ರೋಕರ್ ಸರ್. ಮೆಸೇಜ್ ಬ್ರೋಕರ್. ಬಂದಿದ್ದೆಲ್ಲಾ ಡಿಸ್ಕಲ್ಲಿ ಬರ್ಕೊಂತಾನೆ, ಹಳೇದು ಅಳಿಸ್ತಾ ಇರ್ಲಿಲ್ಲ."

"ರೇಷ್ಮೆಗೂಡಿನ ಬ್ರೋಕರ್‌ಗಳ ಕಾಟ ಬೇಡಾಂತ ಕಂಪನಿ ಮಾಡಿದ್ರೆ, ನೀನು ಒಳಗೇ ಒಬ್ಬನ್ನ ಸಾಕ್ಕೊಂಡಿದ್ದೀಯಲ್ಲಮ್ಮ!"

ಅವರಿಗೆ ಅರ್ಥವಾಗುವ ಹಾಗೆ ಹೇಳಿದೆ. ದ್ರಾಕ್ಷಿ, ಟೊಮೆಟೊ ಬೆಳೆಯುವವರು ಔಷಧಿ ಹೊಡೆಯುವ ಮುಂಚೆ ಮೊಬೈಲಿನಲ್ಲಿ ಒಂದು ಗುಂಡಿ ಒತ್ತುತ್ತಾರೆ. ಪಕ್ಕದ ಹಿಪ್ಪುನೇರಳೆ ತೋಟದವರಿಗೆ 'ಈ ಕಡೆ ಸೊಪ್ಪು ಕೀಳಬೇಡಿ' ಎಂದು ಎಸ್ಸೆಮ್ಮೆಸ್ ಹೋಗಬೇಕು. ಔಷಧಿ ಸೋಕಿದ ಸೊಪ್ಪು ತಿಂದರೆ ರೇಷ್ಮೆಹುಳು ಉಳಿಯುವುದಿಲ್ಲ. ಈ ಇಬ್ಬರ ನಡುವೆ ಸಂದೇಶ ಇಸಿದುಕೊಂಡು, ಸಾಲಿನಲ್ಲಿಟ್ಟು, ದಾಟಿಸುವವನೇ ಬ್ರೋಕರ್. ಅವನಿಗೆ ಬೇರೆ ಮನೆ ಮಾಡಿಕೊಡುವ ಯೋಗ್ಯತೆ ನಮ್ಮ ಕಂಪನಿಗಿಲ್ಲವಾದ್ದರಿಂದ ಅಪ್ಲಿಕೇಶನ್ನಿನ ಒಳಗೇ ಕೂರಿಸಿದ್ದೇನೆ. ಅದು ಎದ್ದರೆ ಇವನೂ ಏಳುತ್ತಾನೆ, ಅದು ಮಲಗಿದರೆ ಇವನೂ ಮಲಗುತ್ತಾನೆ.

ಅವನ ಸೆಟ್ಟಿಂಗ್ ಫೈಲಿನಲ್ಲಿ 'ಪರ್ಸಿಸ್ಟೆಂಟ್' ಎಂದು ಒಂದು ಸಾಲಿದೆ. ಅದು 'ಟ್ರೂ' ಆಗಿದ್ದರೆ ಬಂದ ಪ್ರತಿಯೊಂದನ್ನೂ ಡಿಸ್ಕಿನಲ್ಲಿ ಬರೆದಿಡುತ್ತಾನೆ. 'ಫಾಲ್ಸ್' ಎಂದರೆ ಎಲ್ಲವೂ ಬರೀ ನೆನಪಿನಲ್ಲಿ, ಮಲಗಿ ಎದ್ದರೆ ಮರೆತಿರುತ್ತಾನೆ. ಫಾಲ್ಸ್ ಮಾಡಿ ಎಬ್ಬಿಸಿದೆ, ಗಾಳಿಯ ಹಾಗೆ ಓಡಿತು. ಒಟ್ಟು ಐದು ನಿಮಿಷದ ಕೆಲಸ. ಬೆಂಗಳೂರಿನವರನ್ನು ಕರೆಸಿದ್ದರೆ ಎರಡು ದಿನ ಹಿಡಿಯುತ್ತಿತ್ತು.

ಅಧಿಕಾರಿಗಳು ಬಂದುಹೋದ ಮೇಲೆ ವಾಪಸ್ ಟ್ರೂ ಮಾಡಬೇಕು.

ಜುಲೈ 11, ಶುಕ್ರವಾರ

ಎಲ್ಲ ಸುಸೂತ್ರ. ಅಧಿಕಾರಿಗಳು ಕೋಡುಬಳೆ ತಿಂದು, ಗುಂಡಿ ಒತ್ತಿ, ಹಸಿರು ಗುರುತು ಬಂದದ್ದನ್ನು ಕಂಡು ತಲೆದೂಗಿದರು. ನಾನು ಬರೆದ ಪೋಸ್ಟರನ್ನು ಒಬ್ಬರು ಗಟ್ಟಿಯಾಗಿ ಓದಿದರು: 'ಇನ್ನು ಬದುವಿಗೆ ಬಟ್ಟೆ ಕಟ್ಟಬೇಕಿಲ್ಲ, ಮನೆ ಬಾಗಿಲಿಗೆ ಹೋಗಿ ಹೇಳಬೇಕಿಲ್ಲ. ಒಂದು ಗುಂಡಿ ಸಾಕು!' ಆಶ್ಚರ್ಯಸೂಚಕ ಚಿಹ್ನೆ ಬೇಕೇ ಎಂದು ಬರೆಯುವಾಗ ಯೋಚಿಸಿದ್ದೆ. ಇರಲಿ, ಚೆನ್ನಾಗಿದೆ.

ಒಬ್ಬ ಅಧಿಕಾರಿ, ಸಂದೇಶ ಅಪರಾತ್ರಿಯಲ್ಲಿ ಬಂದರೆ ಜನರ ನಿದ್ದೆ ಕೆಡುವುದಿಲ್ಲವೇ ಎಂದು ಕೇಳಿದರು. ಇಲ್ಲ, ಕತ್ತಲಾದ ಮೇಲೆ ಬಂದದ್ದೆಲ್ಲ ಸಾಲಿನಲ್ಲಿ ಕಾದಿದ್ದು ಬೆಳಿಗ್ಗೆ ಆರಕ್ಕೆ ಹೊರಡುತ್ತದೆ ಎಂದೆ. ಅದೂ ನನ್ನದೇ ಯೋಚನೆ.

ಊರೂರು ಸುತ್ತುವ ನಮ್ಮ ಆಫೀಸಿನ ಹುಡುಗ ಸುನೀಲ್ ಅಧಿಕಾರಿಗಳ ಮುಂದೆ ಒಂದು ಕಥೆ ಹೇಳಿದ. ಕಳವಾರದ ಆಚೆಯ ಒಂದು ಊರಿನಲ್ಲಿ ಬಳಕೆದಾರ 214 ದ್ರಾಕ್ಷಿಯವರು, ಬಳಕೆದಾರ 87 ರೇಷ್ಮೆಯವರು. ಒಂದೇ ಮನೆತನ, ಎಂಟು ವರ್ಷದಿಂದ ಮಾತಿಲ್ಲ. ಈಗ ಬಾಯಿ ಬಿಡದೆಯೇ ವಿಷಯ ಮುಟ್ಟುತ್ತಿದೆ ಅಂತೆ. ಎಲ್ಲರೂ ನಕ್ಕರು. ನಾನೂ.

ಆಗಸ್ಟ್ 18, ಸೋಮವಾರ

ಕಂಪನಿಯ ಹೊಸ ಲೋಗೋ ಹಾಕಿದ್ದಾಯಿತು. ಎಲೆಯ ಮೇಲೆ ಹುಳು. ಹುಳುವಿಗೆ ನಗುಮುಖ ಯಾಕೋ ದೇವರಿಗೇ ಗೊತ್ತು, ಸರ್ ಹಟ ಹಿಡಿದರು.

ಲೋಗೋ ಹಾಕಲು ಹಗಲು ಹೊತ್ತಿನಲ್ಲಿ ಅಪ್ಲಿಕೇಶನ್ ನಿಲ್ಲಿಸಿದರೆ ಹತ್ತು ಫೋನು ಬರುತ್ತವೆ. ಹಾಗಾಗಿ ಚಿಕ್ಕಬಳ್ಳಾಪುರದ ಮನೆಯಿಂದಲೇ ಲ್ಯಾಪ್‌ಟಾಪಿನಲ್ಲಿ ಬೆಳಿಗ್ಗೆ ಐದು ಐವತ್ತಕ್ಕೆ ನಿಲ್ಲಿಸಿ, ಐದು ಐವತ್ತೆರಡಕ್ಕೆ ಎಬ್ಬಿಸಿದೆ. ಆರರ ಸರದಿಗೆ ಎಂಟು ನಿಮಿಷ ಬಾಕಿ. ಯಾರಿಗೂ ಗೊತ್ತಾಗಲಿಲ್ಲ. ಅಮ್ಮ ಎದ್ದು ಬರುವಷ್ಟರಲ್ಲಿ ಕಾಫಿಯೂ ರೆಡಿ.

ಆಗಸ್ಟ್ 20, ಬುಧವಾರ

ಸುನೀಲ್ ಹತ್ತು ಗಂಟೆಗೆ ಫೋನ್ ಮಾಡಿದ. 87ರ ಹುಳು ಪೂರ್ತಿ ಹೋಗಿದೆ, ಊರಲ್ಲಿ ಗಲಾಟೆ, ನೀವೂ ಬನ್ನಿ ಅಂದ. ನನಗೇನು ಕೆಲಸ ಅಲ್ಲಿ ಎಂದೆ. ಆದರೂ ಅವನ ಬೈಕಿನಲ್ಲಿ ಹೋದೆ.

87ರ ಹೆಸರು ಯಶೋದಮ್ಮ. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಹುಳು ಮನೆಯ ಬಾಗಿಲಲ್ಲಿ ಕೂತಿದ್ದರು. ಒಳಗೆ ಸಾಲು ಸಾಲು ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ, ಬಾಯಿಂದ ಹಸಿರು ನೀರು ಕಾರಿ, ಕುಗ್ಗಿ ಬಿದ್ದಿದ್ದವು. ಕೆಲವು ಇನ್ನೂ ಒದ್ದಾಡುತ್ತಿದ್ದವು. ಗೂಡು ಕಟ್ಟಿಸಲು ತೊಳೆದಿಟ್ಟಿದ್ದ ಚಂದ್ರಿಕೆಗಳು ಗೋಡೆಗೆ ಒರಗಿದ್ದವು. ವಾಸನೆ ತಡೆಯಲಾಗಲಿಲ್ಲ, ಆದರೂ ಆಕೆಯ ಮುಂದೆ ಮೂಗಿಗೆ ಸೆರಗು ಮುಚ್ಚಿಕೊಳ್ಳಲು ನಾಚಿಕೆಯಾಯಿತು.

"ಪೊರೆ ಕಳಚೋ ನಾಲ್ಕನೇ ಜ್ವರ ಎದ್ದು ನಾಲ್ಕು ದಿನ ಆಗಿತ್ತಮ್ಮ. ಇನ್ನು ಮೂರು ದಿನಕ್ಕೆ ಹಣ್ಣಾಗಿ ಗೂಡು ಕಟ್ಟೋವು. ಆ ಬದುವಿನ ಪಕ್ಕದ ಸಾಲು ಚೆನ್ನಾಗಿ ಬಂದಿತ್ತೂಂತ ಸೋಮವಾರ ಸಾಯಂಕಾಲ ಅದನ್ನೇ ಕೊಯ್ದು ಹಾಕ್ದೆ. ನನ್ ಕೈಯಾರ ಹಾಕ್ದೆ."

ಬದುವಿನ ಆಚೆ ದ್ರಾಕ್ಷಿ ಚಪ್ಪರದ ಕೆಳಗೆ ಹನುಮಂತರಾಯಪ್ಪ ನಿಂತಿದ್ದರು. ಬಳಕೆದಾರ 214. ಯಶೋದಮ್ಮನ ತೀರಿಹೋದ ಗಂಡನ ಅಣ್ಣ. ಬಾವಿಯ ಪಾಲಿಗಾಗಿ ಜಗಳವಾಡಿ ಮಾತು ಬಿಟ್ಟವರು. ಮಾತು ಬಿಟ್ಟಿದ್ದರೂ ಔಷಧಿ ಹೊಡೆಯುವ ಮುಂಚಿನ ಸಂಜೆ ಬದುವಿನ ಗಳಕ್ಕೆ ಕೆಂಪು ಬಟ್ಟೆ ಕಟ್ಟುವುದನ್ನು ಬಿಟ್ಟಿರಲಿಲ್ಲವಂತೆ. ನಮ್ಮ ಅಪ್ಲಿಕೇಶನ್ ಬಂದ ಮೇಲೆ ಬಿಟ್ಟರು. ಗಳ ಇನ್ನೂ ಅಲ್ಲೇ ಇದೆ, ಬರಿದಾಗಿ.

"ವಿಷ ಹಾಕ್ದ! ಬೇಕೂಂತ್ಲೇ ಹೇಳ್ದೆ ಹೊಡ್ದ!" ಎಂದು ಯಶೋದಮ್ಮ ಕೂಗಿದರು. ಅವರಿಗಲ್ಲ, ನಮಗೆ.

ಅವರೂ ನಮಗೇ ಉತ್ತರಿಸಿದರು. "ಬೆಳಿಗ್ಗೆ ಎದ್ದು ಮಖ ತೊಳ್ದು ಗುಂಡಿ ಒತ್ತಿದ್ದೀನಮ್ಮ. ಹಸಿರು ಗುರುತು ಬಂತು. ಅದು ಬಂದ್ಮೇಲೇ ನಾನು ಔಷಧಿ ಕಲಸಿದ್ದು."

ಇಂಥ ಮುದುಕರು ಯಾವುದೋ ಗುಂಡಿ ಒತ್ತಿ ಯಾವುದೋ ಗುರುತು ನೋಡಿರುತ್ತಾರೆ. ನಾಳೆ ದಾಖಲೆ ತೆಗೆದರೆ ಗೊತ್ತಾಗುತ್ತದೆ.

ಆಗಸ್ಟ್ 21, ಗುರುವಾರ

ಸಂದೇಶಗಳ ಪಟ್ಟಿಯಲ್ಲಿ 214ರ ಹೆಸರಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಅರ್ಧಕ್ಕೆ ಬಿಡುವುದು ನನ್ನ ಜಾಯಮಾನವಲ್ಲ.

ಯಾರು ಯಾವಾಗ ಬಾಗಿಲು ತಟ್ಟಿದರು ಎಂದು ವೆಬ್ ಸರ್ವರ್ ಬೇರೆಯೇ ಒಂದು ಫೈಲಿನಲ್ಲಿ ಬರೆದಿಡುತ್ತದೆ. ಅದನ್ನು ನೋಡುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಅದರಲ್ಲಿದೆ. ಆಗಸ್ಟ್ 18, ಬೆಳಿಗ್ಗೆ ಐದು ನಲವತ್ತೊಂದು, 214, ಸ್ವೀಕೃತ.

ಹನುಮಂತರಾಯಪ್ಪ ಹೇಳಿದ್ದು ನಿಜ. ಸಂದೇಶ ಬಂದಿತ್ತು, ಹಸಿರು ಗುರುತು ಕೊಟ್ಟು ಇಸಿದುಕೊಂಡಿದ್ದೆವು. ಆರು ಗಂಟೆಗೆ ಕಾಯುತ್ತಾ ಸಾಲಿನಲ್ಲಿ ಕೂತಿತ್ತು. ಐದು ಐವತ್ತಕ್ಕೆ ನಾನು ನಿಲ್ಲಿಸಿದೆ. ಬರೀ ನೆನಪಿನಲ್ಲಿದ್ದದ್ದು ನೆನಪಿನ ಜೊತೆಗೇ ಹೋಯಿತು. ಪಟ್ಟಿಗೆ ಸೇರಿಸುವುದು ಕಳಿಸಿದ ಮೇಲೆ, ಹಾಗಾಗಿ ಪಟ್ಟಿಯಲ್ಲೂ ಇಲ್ಲ. ರಾತ್ರಿಯಿಡೀ ಬಂದಿದ್ದದ್ದು ಅದೊಂದೇ.

ಸೆಟ್ಟಿಂಗ್ ಫೈಲ್ ತೆಗೆದೆ. 'ಫಾಲ್ಸ್'. ಟ್ರೂ ಮಾಡಿದೆ. ಅಳಿಸಿ ಬರೆಯಲು ಒಂದು ನಿಮಿಷವೂ ಬೇಕಾಗಲಿಲ್ಲ.

ಡಿಸ್ಕ್ ಚಿಕ್ಕದು ಎಂದು ಎರಡು ವರ್ಷದಿಂದ ಹೇಳುತ್ತಿದ್ದೇನೆ. ಲೋಗೋ ಬೇಕೆಂದವಳು ನಾನಲ್ಲ. ಮುದುಕರು ಹಿಂದಿನ ಸಂಜೆಯೇ ಒತ್ತಬಹುದಿತ್ತು.

ಸರ್ ಸಂಜೆಯೊಳಗೆ ವರದಿ ಬೇಕೆಂದರು. ಬರೆದುಕೊಟ್ಟೆ: 'ಆಗಸ್ಟ್ 18ರಂದು ಬಳಕೆದಾರ 214ರಿಂದ ಸಂದೇಶ ಬಂದ ಬಗ್ಗೆ ನಮ್ಮ ಸಂದೇಶ ಪಟ್ಟಿಯಲ್ಲಿ ಯಾವ ನಮೂದೂ ಇರುವುದಿಲ್ಲ.' ನಾಲ್ಕು ಸಲ ಓದಿದೆ. ಒಂದು ಅಕ್ಷರವೂ ಸುಳ್ಳಿಲ್ಲ.

ಆಗಸ್ಟ್ 23, ಶನಿವಾರ

ಊರಿನ ಹಾಲಿನ ಡೇರಿ ಮುಂದೆ ಪಂಚಾಯ್ತಿ ಸೇರಿಸಿದ್ದರು. ಸರ್ ನನ್ನ ವರದಿ ಓದಿದರು. ಓದಿದ ಮೇಲೆ ಊರಿನ ಹಿರಿಯ ವೆಂಕಟರವಣಪ್ಪನವರು, "ಕಂಪ್ಯೂಟರ್ ಯಾಕಪ್ಪ ಸುಳ್ಳು ಹೇಳ್ತದೆ? ಅದಕ್ಕೇನು ಬಾವಿ ಪಾಲು ಬೇಕಾ?" ಎಂದರಂತೆ. ಜನ ನಕ್ಕರಂತೆ. ಹನುಮಂತರಾಯಪ್ಪ ಒಬ್ಬರೇ ಎದ್ದು ಹೋದರಂತೆ. ಸುನೀಲ್ ಹೇಳಿದ್ದು. ನಾನು ತಲೆನೋವೆಂದು ಹೋಗಿರಲಿಲ್ಲ. ತಲೆನೋವಿದ್ದದ್ದು ನಿಜ.

ನಾನು ಸುಳ್ಳು ಹೇಳಿಲ್ಲ. ವರದಿ ಕೇಳಿದರು, ಪಟ್ಟಿಯಲ್ಲಿ ಏನಿದೆಯೋ ಅದನ್ನು ಹೇಳಿದೆ.

ಆಗಸ್ಟ್ 27, ಬುಧವಾರ

ಗಣೇಶನ ಹಬ್ಬ. ಕಡುಬು ಒಂದೂ ಸೇರಲಿಲ್ಲ. ಎಣ್ಣೆ ಹೆಚ್ಚಾಗಿತ್ತು ಎಂದೆ. ಆವಿಯಲ್ಲಿ ಬೇಯಿಸಿದ್ದು ಕಣೇ ಎಂದರು ಅಮ್ಮ.

ಸೆಪ್ಟೆಂಬರ್ 1, ಸೋಮವಾರ

ಹನುಮಂತರಾಯಪ್ಪನವರೇ ಪ್ರಮಾಣ ಮಾಡುತ್ತೇನೆಂದು ಹೇಳಿಕಳಿಸಿದ್ದರು. ಕಂಪನಿ ಕಡೆಯಿಂದ ಯಾರಾದರೂ ಇರಲಿ, ಆ ಕಾಗದ ಬರೆದವರೇ ಬರಲಿ ಎಂದರಂತೆ. ಈ ಸಲ ತಲೆನೋವು ನಡೆಯಲಿಲ್ಲ.

ಊರಾಚೆ ಗಂಗಮ್ಮನ ಗುಡಿ. ಒಂದು ಮೂವತ್ತು ಜನ ಸೇರಿದ್ದರು. ಅವರು ಒದ್ದೆ ಪಂಚೆಯಲ್ಲೇ ಬಂದರು. ವಯಸ್ಸು ಎಪ್ಪತ್ತರ ಹತ್ತಿರ, ಎದೆಯ ಮೇಲಿನ ಕೂದಲೆಲ್ಲ ಬಿಳಿ. ಅಂಗೈ ಮೇಲೆ ಕರ್ಪೂರ ಇಟ್ಟುಕೊಂಡು ಹಚ್ಚಿಸಿಕೊಂಡರು.

"ನಾನು ಗುಂಡಿ ಒತ್ತಿದ್ದು ಸತ್ಯ. ಹಸಿರು ಗುರುತು ಕಂಡಿದ್ದು ಸತ್ಯ. ತಮ್ಮನ ಮನೆ ಹುಳು ಸಾಯ್ಲೀಂತ ನಾನು ಎಣಿಸಿದ್ರೆ ನನ್ ವಂಶ ನಿಲ್ಲದೆ ಹೋಗ್ಲಿ."

ಮುಷ್ಟಿ ಮುಚ್ಚಿ ಆರಿಸಿದರು. ಮುಖದಲ್ಲಿ ಏನೂ ಕಾಣಿಸಲಿಲ್ಲ. ಆಮೇಲೆ ಇನ್ನೊಂದು ಮಾತು ಸೇರಿಸಿದರು, ಅದು ಯಾರೂ ಕೇಳಿರದ ಮಾತು.

"ಇವತ್ತಿಂದ ನಾನು ತೋಟಕ್ಕೆ ಔಷಧೀನೇ ಹೊಡೆಯಲ್ಲ. ಹೊಡೆದ್ರೆ ತಾನೆ ವಿಷ ಹಾಕ್ದ ಅನ್ನೋದು."

ಯಶೋದಮ್ಮ ಸೆರಗು ಕಚ್ಚಿಕೊಂಡು, "ಕಂಪ್ಯೂಟರ್‌ಗೆ ಪ್ರಮಾಣ ಬೇಕಾಗಿಲ್ಲ, ಮನುಷ್ಯಂಗೇ ಬೇಕಾಗೋದು" ಎಂದು ಹೊರಟುಹೋದರು. ಕೆಲವರು ಹೌದೆಂದು ತಲೆಯಾಡಿಸಿದರು.

ನಾನು ಅವರ ಎದುರಿಗೇ, ಮೂರು ಮಾರು ದೂರದಲ್ಲಿ ನಿಂತಿದ್ದೆ. ಹೇಳಬೇಕೆಂದು ಬಾಯಿಗೆ ಬಂದದ್ದು ನಿಜ. ಮೂವತ್ತು ಜನರ ಮುಂದೆ ಸೆಟ್ಟಿಂಗ್ ಫೈಲ್ ಎಂದರೆ ಯಾರಿಗೆ ಅರ್ಥವಾಗುತ್ತದೆ?

ಸೆಪ್ಟೆಂಬರ್ 2, ಮಂಗಳವಾರ

ಬರೆಯುವಂಥದ್ದೇನೂ ಇಲ್ಲ. ಸೋಪು ಹಾಕಿ ಎಷ್ಟು ತೊಳೆದರೂ ಕೈಯಿಂದ ಕರ್ಪೂರದ ವಾಸನೆ ಹೋಗುತ್ತಿಲ್ಲ. ನಾನು ಕರ್ಪೂರ ಮುಟ್ಟಿಯೇ ಇರಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಹೊಸ ಡಿಸ್ಕ್ ಬಂತು. ಈಗ ಬಂತು! ಬ್ರೋಕರ್ ಪ್ರತಿ ಸಂದೇಶವನ್ನೂ ಮೊದಲು ಬರೆದಿಟ್ಟು, ಆಮೇಲೇ ಹಸಿರು ಗುರುತು ಕೊಡುವ ಹಾಗೆ ಮಾಡಿದ್ದೇನೆ. ತಲುಪಿದ ಮೇಲೆ ಮಾತ್ರ ಅಳಿಸುತ್ತಾನೆ. ಪರೀಕ್ಷೆಗೆಂದು ನೂರು ಸಂದೇಶ ಹಾಕಿ ಕರೆಂಟಿನ ವೈರನ್ನೇ ಕಿತ್ತೆ. ಎಬ್ಬಿಸಿದಾಗ ನೂರೂ ಇದ್ದವು. ಮತ್ತೆ ಕಿತ್ತೆ. ಒಂಬತ್ತು ಸಲ. ಸರ್, "ಸಾಕು ಬಿಡಮ್ಮ, ಸುಟ್ಟುಹೋದಾತು" ಎಂದು ಕೈ ಹಿಡಿದು ನಿಲ್ಲಿಸಿದರು.

ಬೆಳಿಗ್ಗೆ ಆರಕ್ಕೆ ಸಂದೇಶ ಹೋದ ಮೇಲೆ ನಾನೇ ಒಬ್ಬೊಬ್ಬರಿಗೂ ಫೋನ್ ಮಾಡಿ ಬಂತಾ ಎಂದು ಕೇಳುತ್ತೇನೆ. ಬರೀ ಪರೀಕ್ಷೆಗೆ. ನಗರಗೆರೆಯ ಆವಲಪ್ಪನವರು ದಿನಾ, "ಬಂತಮ್ಮ, ನೀವು ಕಾಫಿ ಕುಡಿದ್ರಾ?" ಎನ್ನುತ್ತಾರೆ. ಕೋನಪ್ಪನ ಮೊಮ್ಮಗಳು ಫೋನ್ ಎತ್ತಿದರೆ ತಾತನಿಗೆ ಕೊಡುವುದೇ ಇಲ್ಲ, ತನ್ನ ಕಥೆಯನ್ನೇ ಹೇಳುತ್ತದೆ.

ಹನುಮಂತರಾಯಪ್ಪನವರಿಂದ ಒಂದು ಸಂದೇಶವೂ ಇಲ್ಲ. ಮಾತು ಉಳಿಸಿಕೊಂಡಿದ್ದಾರೆ. ಒಂದು ವಾರದಿಂದ ಬಿಡದೆ ಜಿನುಗುತ್ತಿದೆ. ಈ ಹವೆಯಲ್ಲಿ ದ್ರಾಕ್ಷಿಗೆ ಔಷಧಿ ಬಿಟ್ಟರೆ ಎಲೆಯ ಕೆಳಗೆ ಬೂಜು ಹಿಡಿಯುತ್ತದೆಂದು ಸುನೀಲ್ ಹೇಳಿದ. ನಾನು ಕೇಳಿರಲಿಲ್ಲ, ಅವನಾಗಿಯೇ ಹೇಳಿದ.

ಸೆಪ್ಟೆಂಬರ್ 26, ಶುಕ್ರವಾರ

ಮಳೆ.

ಅಕ್ಟೋಬರ್ 4, ಶನಿವಾರ

ಸುನೀಲ್ ಮೊಬೈಲಿನಲ್ಲಿ ಫೋಟೋ ತೋರಿಸಿದ. ಗೊಂಚಲುಗಳು ಕಪ್ಪಗೆ ಮುರುಟಿ ಚಪ್ಪರದಿಂದ ನೇತಾಡುತ್ತಿದ್ದವು. ಎಲೆಗಳು ಸುಟ್ಟ ಕಾಗದದ ಹಾಗಿದ್ದವು. ಇಪ್ಪತ್ತೆರಡು ವರ್ಷದ ಬಳ್ಳಿಯಂತೆ. ಅವರ ತಮ್ಮ ಇದ್ದಾಗ ಇಬ್ಬರೂ ಸೇರಿ ಕಲ್ಲುಕಂಬ ನೆಟ್ಟಿದ್ದಂತೆ.

"ಮುದುಕ ದಿನಾ ಚಪ್ಪರದ ಕೆಳಗೆ ಕುರ್ಚಿ ಹಾಕ್ಕೊಂಡು ಕೂತಿರ್ತಾನೆ ಮೇಡಂ. ಔಷಧಿ ಮನೇಲಿ ಹಂಗೇ ಇದೆ, ಹೊಡೆಯಲ್ಲ ಅಂತಾನೆ. ಹುಚ್ಚು ಹಟ."

'ಕೂತಿರ್ತಾರೆ ಅನ್ನು' ಎಂದು ಅವನ ಮೇಲೆ ರೇಗಿದೆ. ಅವನು ಕಕ್ಕಾಬಿಕ್ಕಿಯಾದ.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಬೇರೆ ಯಾರದೋ ಆಫೀಸಿನಲ್ಲಿ ನಡೆದ ಹಾಗೆ ಹೇಳಿದೆ. ಅಮ್ಮ ಚಪ್ಪರದವರೆಕಾಯಿ ನಾರು ತೆಗೆಯುತ್ತಿದ್ದರು.

"ಅಯ್ಯೋ ದೇವುಡಾ. ಆಯಮ್ಮ ಆವತ್ತೇ ಹೇಳ್ಬಹುದಿತ್ತಲ್ಲ?"

"ಕೆಲಸ ಹೋಗ್ತಿತ್ತೇನೋಮ್ಮ."

"ಹೋದ್ರೆ ಹೋಗ್ತಿತ್ತು. ಈಗ ಊಟ ಸೇರ್ತದಾ ಆಯಮ್ಮಂಗೆ?"

ನನ್ನ ಮುಖ ನೋಡಲೇ ಇಲ್ಲ. ನಾರು ತೆಗೆಯುತ್ತಲೇ ಇದ್ದರು.

ಅಕ್ಟೋಬರ್ 6, ಸೋಮವಾರ

ಬೆಳಿಗ್ಗೆ ವೆಬ್ ಸರ್ವರ್ ಫೈಲಿನ ಆ ಒಂದು ಸಾಲನ್ನು ಪ್ರಿಂಟ್ ತೆಗೆದು ಸರ್ ಮೇಜಿನ ಮೇಲಿಟ್ಟೆ. ನಾನು ಮಾಡಿದ್ದನ್ನೂ ಹೇಳಿದೆ. ಅವರು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು.

"ಪದ್ಮಶ್ರೀ, ಈಗ ಇದನ್ನ ಹೇಳಿದ್ರೆ ನಾಳೆಯಿಂದ ಯಾರಮ್ಮ ಗುಂಡಿ ಒತ್ತುತಾರೆ? ಏಳ್ನೂರು ಮನೆ ನಂಬಿಕೊಂಡಿದೆ. ಸರಿ ಮಾಡಿದ್ದೀಯಲ್ಲ, ಬಿಟ್ಟುಬಿಡು. ಮುದುಕರು ಮಾಡ್ಕೊಂಡಿದ್ದು ಅವರ ಹಟಕ್ಕೆ."

ಅವರು ಹೇಳಿದ್ದೆಲ್ಲವನ್ನೂ ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೆ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅಸಹ್ಯವಾಯಿತು. ಕಾಗದ ಮಡಚಿಕೊಂಡು ಬಸ್ಸು ಹತ್ತಿದೆ. ಹೋದರೆ ವಾಪಸ್ ಬರುವುದು ಬೇಡ ಎಂದರೋ, ಬೇಗ ಬಾ ಎಂದರೋ, ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಯಶೋದಮ್ಮ ಬದುವಿನ ಹತ್ತಿರ ಸೊಪ್ಪು ಕೊಯ್ಯುತ್ತಿದ್ದರು. ಕಾಗದ ತೋರಿಸಿದೆ, ಓದಿ ಹೇಳಿದೆ. ಐದು ನಲವತ್ತೊಂದು. ನಿಮ್ಮ ಭಾವ ಕಳಿಸಿದ್ದು ನನ್ನ ಹತ್ತಿರ ಬಂದಿತ್ತು, ನಾನು ಕಳೆದೆ, ಆಮೇಲೆ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ ಎಂದೆ. ಆಕೆ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆಯಲಿ ಎಂದೂ ಅನ್ನಿಸಿತ್ತು. ಕುಡುಗೋಲು ಕೆಳಗಿಟ್ಟು, ಸೊಪ್ಪಿನ ಹೊರೆಯ ಮೇಲೆ ಕೂತುಬಿಟ್ಟರು.

ಆಚೆ ಕಡೆಯಿಂದ ಹನುಮಂತರಾಯಪ್ಪನವರು ಎದ್ದು ಬದುವಿನವರೆಗೆ ಬಂದರು. ಅವರಿಗೂ ಎಲ್ಲವನ್ನೂ ಹೇಳಿದೆ. ಕಾಗದ ಚಾಚಿದೆ. ಇಸಿದುಕೊಳ್ಳಲಿಲ್ಲ.

"ಇದು ನನಗೇನಕ್ಕಮ್ಮ? ಒತ್ತಿದ್ದೀನಿ ಅನ್ನೋದು ನನಗೆ ಗೊತ್ತಿತ್ತಲ್ಲ. ನಿಮಗೆ ಯಾವತ್ತು ಗೊತ್ತಾಯ್ತು?"

"ಆಗಸ್ಟ್ ಇಪ್ಪತ್ತೊಂದು."

ಅವರು ಬಲಗೈಯನ್ನು ತಿರುಗಿಸಿ ನೋಡಿಕೊಂಡರು. ಅಂಗೈ ನಡುವೆ ರೂಪಾಯಿ ಅಗಲದ ನುಣುಪು ಚರ್ಮ, ಕೆಂಪಗೆ.

"ಹಂಗಾದ್ರೆ ಗುಡಿ ಹತ್ರ ನೀವು ನಿಂತಿದ್ದಾಗ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

ಅವರು ಬಯ್ಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಯಶೋದಮ್ಮ ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದ್ದರೂ ನನಗೇ ಹೇಳಿದರು.

"ಆಯಮ್ಮಂಗೆ ಹೇಳಮ್ಮ. ನಾಳೆಯಿಂದ ಬಳ್ಳಿ ಕಡಿಸ್ತಾ ಇದೀನಿ. ಇನ್ನು ಈ ಕಡೆಯಿಂದ ಔಷಧಿ ಇರಲ್ಲ. ಬದುವಿನ ಪಕ್ಕದ ಸೊಪ್ಪು ಧೈರ್ಯವಾಗಿ ಕೊಯ್ಕೊಳ್ಳಲಿ."

ಆಕೆಗೆ ಕೇಳಿಸಿತ್ತು. ಆದರೂ ನಾನು ತಿರುಗಿ ನಿಂತು, ಒಂದು ಮಾತೂ ಬಿಡದೆ ಹೇಳಿದೆ.

ಯಶೋದಮ್ಮ ಹೊರೆಯಿಂದ ಎದ್ದರು. ಅವರೂ ನನಗೇ ಹೇಳಿದರು. "ಬಳ್ಳಿ ಕಡಿಬೇಡ ಅಂತ ಹೇಳಮ್ಮ ಭಾವಂಗೆ. ಇಬ್ರೂ ಸೇರಿ ನೆಟ್ಟಿದ್ದು. ನಂದು ತಪ್ಪಾಯ್ತು ಅಂತ ಹೇಳು."

ನಾನು ಈ ಕಡೆ ತಿರುಗುವಷ್ಟರಲ್ಲಿ ಹನುಮಂತರಾಯಪ್ಪನವರು ಹೊರಟುಬಿಟ್ಟಿದ್ದರು. ಬದು ದಾಟಿ ಹಿಂದೆಯೇ ಓಡಿದೆ. ಕೊಳೆತ ಹಣ್ಣಿನ ಮೇಲೆ ಕಾಲಿಟ್ಟು ಜಾರಿದೆ. ಅವರು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮುಚ್ಚಿದ ಬಾಗಿಲ ಮುಂದೆ ನಿಂತು ಮೂರು ಸಲ ಹೇಳಿದೆ, ಯಶೋದಮ್ಮ ಹೇಳಿದ ಹಾಗೇ, ಗಟ್ಟಿಯಾಗಿ. ಒಳಗಿನಿಂದ ಕೆಮ್ಮು ಕೇಳಿಸಿತು. ಕತ್ತಲಾಗುವವರೆಗೆ ಜಗಲಿ ಮೇಲೆ ಕೂತಿದ್ದು, ಕಡೇ ಬಸ್ಸಿಗೆ ಬಂದೆ. ಬರುವಾಗ ಯಶೋದಮ್ಮ ಬದುವಿನ ಹತ್ತಿರವೇ ನಿಂತಿದ್ದರು. ಕೇಳಿಸಿಕೊಂಡರಾ ಎಂದು ಕಣ್ಣಿನಲ್ಲೇ ಕೇಳಿದರು.

ಹನುಮಂತರಾಯಪ್ಪನವರಿಗೆ ಕೇಳಿಸಿರಬಹುದು. ತಲುಪಿತು ಎಂದು ಬರೆಯುವಂತಿಲ್ಲ. ನಾಳೆ ಮೊದಲ ಬಸ್ಸಿಗೆ ಹೋಗಬೇಕು, ಕಡಿಯುವವರು ಬರುವ ಮುಂಚೆ.